ಉಸಿರಮ್ಮನೂ ಲೈಸೆನ್ಸ್ ಮಾವನ ಮಣಿಕಟ್ಟೂ

ಒಂದು ಹಟಮಾರಿ ಕೆಮ್ಮನ್ನು ಕರೆದುಕೊಂಡು ಆ ಕ್ಲಿನಿಕ್ಕಿಗೆ ಮೊದಲ ಸಲ ಹೋದ ದಿನ, ಒಳಗೆಲ್ಲೋ ಉಸಿರಾಟದ ಕ್ಲಾಸು ನಡೆಯುತ್ತಿದೆ ಎಂದೇ ಇದನ್ನು ಬರೆಯುತ್ತಿರುವವನು ನಂಬಿದ್ದ. ಕಾರಣವಿತ್ತು. ಕಾಯುವ ಬೆಂಚಿನ ಎದುರಿಗೆ ಒಂದು ದಪ್ಪ ಬಾಗಿಲು, ಅದರ ನೆತ್ತಿಯ ಮೇಲೆ ಕೆಂಪು ದೀಪ. ಒಬ್ಬೊಬ್ಬರೇ ಒಳಗೆ ಹೋಗುತ್ತಿದ್ದರು. ಸ್ವಲ್ಪ ಹೊತ್ತಿಗೆಲ್ಲ ಒಂದು ಹೆಣ್ಣು ದನಿ ಕೇಳುತ್ತಿತ್ತು: "ಉಸಿರು ಎಳ್ಕೊಳ್ಳಿ... ಇನ್ನೂ ಎಳ್ಕೊಳ್ಳಿ... ಹಿಡ್ಕೊಳ್ಳಿ... ಬಿಡಬೇಡಿ ಅಂದ್ನಲ್ಲ... ಹ್ಞಾ, ಈಗ ಬಿಡಿ." ಹೋದವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಏನೋ ಹಗುರವಾದವರಂತೆ ಹೊರಬರುತ್ತಿದ್ದರು. ಮಾತ್ರೆಗಿಂತ ವ್ಯಾಯಾಮವನ್ನು ನಂಬುವ ಡಾಕ್ಟರು ಕೊನೆಗೂ ಸಿಕ್ಕರಲ್ಲ ಎಂದು ಸಂತೋಷವಾಗಿ, ಚೀಟಿ ಕೊಡುವ ಹೆಂಗಸಿನ ಹತ್ತಿರ ಹೋಗಿ, "ಈ ಕ್ಲಾಸಿಗೆ ಚಾಪೆ ನಾವೇ ತರಬೇಕಾ?" ಎಂದು ಕೇಳಿದ್ದಾಯಿತು.

ಆಕೆ ತಲೆಯೆತ್ತಿ ಒಮ್ಮೆ ನೋಡಿ, "ಬೇಡ, ಅಂಗಿ ಬಿಚ್ಚಿದ್ರೆ ಸಾಕು" ಅಂದರು.

ಕ್ಲಾಸಿನ ಮೇಷ್ಟ್ರು ಎಂದುಕೊಂಡಿದ್ದವರು ಆ ಕ್ಲಿನಿಕ್ಕಿನ ಎಕ್ಸ್‌ರೇ ತಂತ್ರಜ್ಞೆ. ಹೆತ್ತವರು ಇಟ್ಟ ಹೆಸರು ಬಾಗಿಲ ಪಕ್ಕದ ಫಲಕದ ಮೇಲಿದೆ, ಯಾರೂ ಓದುವುದಿಲ್ಲ. ಸುತ್ತಲಿನ ಬೀದಿಗಳಿಗೆಲ್ಲ ಆಕೆ ಉಸಿರಮ್ಮ. ಸೀಸದ ಹಾಳೆ ಹೊದೆಸಿದ ಆ ಬಾಗಿಲು ಕಿರಣವನ್ನು ತಡೆಯುತ್ತದೆಯೇ ಹೊರತು ಉಸಿರಮ್ಮನ ದನಿಯನ್ನಲ್ಲ.

ಹುಡುಗಿಯಾಗಿದ್ದಾಗ ಆಕೆಗೆ ಕತ್ತಲೆಂದರೆ ಜೀವ ಹೋಗುತ್ತಿತ್ತು. ಕೋರ್ಸಿಗೆ ಸೇರಿದ ಮೇಲೆ ತಿಳಿಯಿತು, ಅಲ್ಲಿನ ಮೊದಲ ಪಾಠವೇ ಕತ್ತಲೆ ಕೋಣೆಯಲ್ಲಿ. ಆಗಿನ್ನೂ ಫಿಲ್ಮಿನ ಕಾಲ. ಕೆಂಪು ದೀಪದ ಮಸುಕಿನಲ್ಲಿ ಫಿಲ್ಮನ್ನು ಬೆರಳ ತುದಿಯಿಂದಲೇ ಗುರುತು ಹಿಡಿದು, ರಾಸಾಯನಿಕದ ತೊಟ್ಟಿಯಲ್ಲಿ ಅದ್ದಿ, ತೊಳೆದು, ಒಗೆದ ಬಟ್ಟೆಯ ಹಾಗೆ ಕ್ಲಿಪ್ಪಿಗೆ ನೇತುಹಾಕಬೇಕು. ಭಯ ಬಿಟ್ಟುಹೋಯಿತು, ವಾಸನೆ ಅಂಟಿಕೊಂಡಿತು. ಮದುವೆಯಾದ ಹೊಸತರಲ್ಲಿ ಗಂಡ ಬಹಳ ರಸಿಕನಾಗಿ, "ಇದ್ಯಾವ ಸೆಂಟು?" ಎಂದು ಕೇಳಿದ್ದರಂತೆ. "ಫಿಲ್ಮ್ ತೊಳೆಯೋ ನೀರು" ಎಂದು ಉತ್ತರ ಬಂತು. ಆಮೇಲೆ ಅವರು ಆ ವಿಷಯಕ್ಕೆ ಕೈ ಹಾಕಲಿಲ್ಲ. ಸ್ವಭಾವತಃ ಸಾಧು ಮನುಷ್ಯ, ಪೇಟೆಯಲ್ಲಿ ಕಾಗದ ಪೆನ್ನಿನ ಅಂಗಡಿ ಇಟ್ಟುಕೊಂಡಿದ್ದಾರೆ.

ಈಗ ಫಿಲ್ಮೂ ಇಲ್ಲ, ತೊಟ್ಟಿಯೂ ಇಲ್ಲ, ಚಿತ್ರ ಸೀದಾ ಕಂಪ್ಯೂಟರಿಗೆ ಬರುತ್ತದೆ. ಹೊಸ ಯಂತ್ರ ಬಂದ ದಿನ ಅದನ್ನು ಮಾರಿದ ಟೈ ಕಟ್ಟಿದ ಯುವಕ, "ಇನ್ನು ಮೇಲೆ ಎಲ್ಲಾ ಇದೇ ಮಾಡುತ್ತೆ ಮೇಡಂ" ಎಂದು ಯಂತ್ರದ ಬೆನ್ನು ತಟ್ಟಿದ. "ಮನುಷ್ಯನ್ನ ಅಲ್ಲಾಡದ ಹಾಗೆ ನಿಲ್ಲಿಸೋದೂ ಇದೇ ಮಾಡುತ್ತಾ?" ಅಂದರು ಉಸಿರಮ್ಮ. ಅವನು ಪುಸ್ತಕ ತಿರುವಿ ನೋಡಿದ. ಅದಿರಲಿಲ್ಲ.

ಮನುಷ್ಯನನ್ನು ಅಲ್ಲಾಡದ ಹಾಗೆ ನಿಲ್ಲಿಸುವುದರಲ್ಲಿ ಆಕೆಯದು ಎತ್ತಿದ ಕೈ. ಹೊಟ್ಟೆ ಬಂದವರು ಎದೆಯ ಎಕ್ಸ್‌ರೇಗೆ ನಿಂತ ಕೂಡಲೇ ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತಾರೆ. "ಅದನ್ನ ಬಿಡಿ, ಅದು ಚಿತ್ರದಲ್ಲಿ ಬರಲ್ಲ" ಎನ್ನಬೇಕು. ತಲೆಯ ಎಕ್ಸ್‌ರೇಗೆ ಬಂದ ಒಬ್ಬ ಗಣ್ಯರು ಮೊದಲು ಬಾಚಣಿಗೆ ಕೇಳಿ, ಆಮೇಲೆ, "ನನಗೆ ಎಡಗಡೆಯಿಂದ ಚೆನ್ನಾಗಿ ಬರುತ್ತೆ" ಎಂದು ಸಲಹೆ ಕೊಟ್ಟಿದ್ದರು. "ಬುರುಡೆಗೆ ಎರಡೂ ಕಡೆ ಒಂದೇ ಸಾರ್" ಎಂದು ಉಸಿರಮ್ಮ ಅವರ ಗಲ್ಲವನ್ನು ಸ್ಟ್ಯಾಂಡಿಗೆ ಒತ್ತಿದರು. ಒಂದು ಚಿತ್ರವನ್ನು ಎರಡು ಸಲ ತೆಗೆಯುವುದೆಂದರೆ ಆಕೆಗೆ ಆಗದು. "ಅವರಿಗೆ ಎರಡನೇ ಸಲ ಕಿರಣ, ನನಗೆ ಮೊದಲನೇ ಸಲ ಅವಮಾನ" ಎನ್ನುತ್ತಾರೆ.

ಆಕೆಯ ಕೋಣೆಗೆ ಎರಡು ಕಟ್ಟಳೆಗಳಿವೆ. ಡಾಕ್ಟರ ಚೀಟಿಯಿಲ್ಲದೆ ಗುಂಡಿ ಒತ್ತುವ ಹಾಗಿಲ್ಲ, ಆ ಡಾಕ್ಟರು ತಾವೇ ಬಂದು ಬೆನ್ನು ಹಿಡಿದುಕೊಂಡಿದೆ ಎಂದರೂ ಇಲ್ಲ. ಎರಡನೆಯದು, ಚಿತ್ರದಲ್ಲಿ ಏನು ಕಂಡರೂ ಬಾಯಿ ಬಿಡುವ ಹಾಗಿಲ್ಲ. ಗಾಜಿನ ಕಿಂಡಿಯ ಹಿಂದಿನಿಂದ ಆಕೆ ಹೊರಬರುತ್ತಿದ್ದಂತೆಯೇ ಎಲ್ಲರೂ ಆಕೆಯ ಮುಖವನ್ನು ಪರೀಕ್ಷೆಯ ಫಲಿತಾಂಶದ ಹಾಗೆ ಓದಲು ನೋಡುತ್ತಾರೆ. ಅಲ್ಲಿ ಏನೂ ಸಿಗುವುದಿಲ್ಲ. ಎಲ್ಲರಿಗೂ ಒಂದೇ ಮಾತು: "ಚಿತ್ರ ಚೆನ್ನಾಗಿ ಬಂದಿದೆ. ಅದ್ರಲ್ಲೇನಿದೆ ಅಂತ ಡಾಕ್ಟರು ಹೇಳ್ತಾರೆ." ಮೊದಲ ವಾಕ್ಯ ಕೇಳಿದೊಡನೆ ಅರ್ಧ ಜನ ಗುಣವಾದೆವೆಂದು ಚಪ್ಪಲಿ ಹಾಕಿಕೊಳ್ಳುತ್ತಾರೆ. ಅವರನ್ನು ಹಿಡಿದು ಡಾಕ್ಟರ ಕೋಣೆಗೆ ತಳ್ಳುವುದೂ ಆಕೆಯದೇ ಕೆಲಸ.

ಈ ಕೆಲಸಕ್ಕೆ ಮನೆಯಲ್ಲಿ ಮರ್ಯಾದೆ ಕೊಡದೆ ಉಳಿದವರು ಒಬ್ಬರೇ, ಮಾವ. ಸೊಸೆ ಮಾಡುವುದು "ಫೋಟೊ ಹಿಡಿಯೋ ಕೆಲಸ" ಎಂದೇ ಅವರ ವಾದ. ಅವರು ಜನರಿಗೆ ವಾಹನ ಓಡಿಸುವ ಲೈಸೆನ್ಸು ಕೊಡುವ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಲೈಸೆನ್ಸು ಕೊಡುವ ಎನ್ನುವುದಕ್ಕಿಂತ ಕೊಡದೆ ಇರುವ ಎಂದರೆ ಸರಿ. ನೆಲದ ಮೇಲೆ ಎಂಟರ ಅಂಕಿ ಬರೆಸಿಡುತ್ತಿದ್ದರು, ಪರೀಕ್ಷೆಗೆ ಬಂದವರು ಅದರ ಗೆರೆಯ ಮೇಲೆ ಕಾಲೂರದೆ ಗಾಡಿ ಸುತ್ತಿಸಿ ತೋರಿಸಬೇಕಿತ್ತು. ಅದರಲ್ಲಿ ಅವರು ಫೇಲು ಮಾಡಿದವರೆಲ್ಲ ಸೇರಿ ಒಂದು ಪಕ್ಷ ಕಟ್ಟಿದ್ದರೆ ಚುನಾವಣೆ ಗೆಲ್ಲಬಹುದಿತ್ತು. ಊರು ಅವರನ್ನು ಲೈಸೆನ್ಸ್ ಮಾವ ಎಂದೇ ಕರೆಯುತ್ತಿತ್ತು. ನಿವೃತ್ತಿಯ ನಂತರವೂ ವರಾಂಡದಲ್ಲಿ ನಿಂತು, ರಸ್ತೆಯಲ್ಲಿ ಹೋಗುವ ಒಂದೊಂದು ಗಾಡಿಯನ್ನೂ ಅವರು ಮನಸ್ಸಿನಲ್ಲೇ ಫೇಲು ಮಾಡುತ್ತಿದ್ದರು.

ಅವರ ಸ್ವಂತ ಗಾಡಿ ಬೂದು ಬಣ್ಣದ ಹಳೆಯ ಸ್ಕೂಟರು. ಅದರ ಮೇಲೆ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಕರೆತರುವುದು ಅವರ ದಿನದ ಸಡಗರ. ಆದರೆ ಇತ್ತೀಚೆಗೆ ಆ ಸ್ಕೂಟರಿಗೆ ಒಂದು ಚಾಳಿ ಶುರುವಾಗಿತ್ತು, ಗೇಟನ್ನು ತಾನಾಗಿಯೇ ಹೋಗಿ ಸವರುತ್ತಿತ್ತು. ಹಾಗೆಂದು ಮಾವನ ಹೇಳಿಕೆ. ಒಂದು ದಿನ ಕನ್ನಡಿ ಕಿತ್ತುಬಂದಾಗ ಸಾಧು ಮಗನಿಗೂ ತಡೆಯಲಾಗಲಿಲ್ಲ. "ಅಪ್ಪಾ, ಇನ್ನೊಂದ್ಸಲ ಏನಾದ್ರೂ ಆದ್ರೆ ಕೀ ನನ್ನ ಹತ್ರ" ಅಂದುಬಿಟ್ಟರು. ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿದ್ದ ಆ ಕೀಯನ್ನು ಮಾವ ಅವತ್ತಿನಿಂದ ಬರುವಾಗಲೂ ಹೋಗುವಾಗಲೂ ಒಮ್ಮೆ ಮುಟ್ಟಿ ನೋಡತೊಡಗಿದರು.

ಇನ್ನೊಂದು ಸಲ ಆಗಿಯೇಬಿಟ್ಟಿತು. ಗೇಟಿನ ಮುಂದೆ ಸ್ಕೂಟರಿಗೆ ಸ್ಟ್ಯಾಂಡ್ ಹಾಕುವಾಗ ಸ್ಕೂಟರು ನಿಂತಿತು, ಮಾವ ಬಿದ್ದರು. ನಿಂತ ಗಾಡಿಯಿಂದ ಬೀಳುವುದನ್ನು ಅವರ ಪರೀಕ್ಷೆಯಲ್ಲಿ ಎಂಥ ದಡ್ಡನೂ ಮಾಡಿ ತೋರಿಸಿರಲಿಲ್ಲ. ನೋಡಿದ್ದು ಎದುರುಮನೆಯಾಕೆ ಒಬ್ಬರೇ. ಸಂಜೆ ಉಸಿರಮ್ಮ ಗೇಟು ತೆರೆಯುವುದರೊಳಗೆ ವರದಿ ತಲುಪಿತ್ತು.

"ಬಿದ್ರಂತೆ ಮಾವ?"

"ಯಾರು ಹೇಳಿದ್ದು? ಬಿದ್ದಿಲ್ಲ, ಕೂತೆ."

"ರಸ್ತೆ ಮೇಲಾ?"

"ಎಲ್ಲಿ ಕೂರಬೇಕು ಅಂತ ನಿನ್ನ ಕೇಳ್ಕೊಂಡು ಕೂರಬೇಕಾ?"

ಮಾತು ಮುಗಿಸಿ ಎರಡೂ ಅಂಗೈ ಮೇಜಿಗೆ ಊರಿ ಎದ್ದರು. ಏಳುವಾಗ ಮುಖ ನಿಂಬೆಹಣ್ಣಿನ ಹಾಗೆ ಹಿಂಡಿಕೊಂಡಿತು.

"ನಾಳೆ ಕ್ಲಿನಿಕ್ಕಿಗೆ ಬನ್ನಿ, ಡಾಕ್ಟರಿಗೆ ತೋರಿಸೋಣ."

"ಏನೂ ಬೇಡ. ನನ್ನ ಕೈಗೆ ಏನಾಗಿದೆ ಧಾಡಿ?"

"ಕೈ ಅಂತ ನಾನೆಲ್ಲಿ ಹೇಳ್ದೆ?"

ಲೈಸೆನ್ಸ್ ಮಾವ ಸಿಕ್ಕಿಬಿದ್ದರು. ಸೊಸೆ ಹಿಡಿದ ಪಟ್ಟು ಬಿಡುವವಳಲ್ಲವೆಂದು ಗೊತ್ತಿದ್ದುದರಿಂದ ಒಪ್ಪಿಕೊಂಡರು. ಆದರೆ ಒಪ್ಪಿಕೊಂಡ ರೀತಿಯಲ್ಲಿ ಒಂದು ಅನುಮಾನಾಸ್ಪದವಾದ ವಿನಯವಿತ್ತು.

ಮರುದಿನ ಮಗನ ಬೈಕಿನ ಹಿಂದೆ ಕುಳಿತು, ದಾರಿಯುದ್ದಕ್ಕೂ ಅವರನ್ನು ಫೇಲು ಮಾಡುತ್ತ, ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿಯಲ್ಲಿ ಮಾವ ಕ್ಲಿನಿಕ್ಕಿಗೆ ಬಂದಿಳಿದರು. ಅಂಗಿಯ ಗುಂಡಿಗಳನ್ನೆಲ್ಲ ಬೆಳಿಗ್ಗೆ ಮೊಮ್ಮಗಳು ಹಾಕಿಕೊಟ್ಟಿದ್ದಳು ಎಂಬುದು ಉಸಿರಮ್ಮನಿಗೆ ಗೊತ್ತಾದದ್ದು ಆಮೇಲೆ. ಡಾಕ್ಟರು, "ಯಾವ ಕೈ?" ಎಂದು ಕೇಳಿದರು. "ಎಡಗೈ" ಎಂದರು ಮಾವ, ಎದೆಯುಬ್ಬಿಸಿ. ಡಾಕ್ಟರು ಎಡಗೈಯನ್ನು ಅಲ್ಲಲ್ಲಿ ಒತ್ತಿ ನೋಡಿದರು. ಮಾವ ಮುಗುಳ್ನಕ್ಕರು. ಯಾವುದಕ್ಕೂ ಇರಲಿ ಎಂದು ಡಾಕ್ಟರು ಎಡ ಮಣಿಕಟ್ಟಿನ ಎಕ್ಸ್‌ರೇಗೆ ಚೀಟಿ ಬರೆದರು.

ಸೊಸೆಯ ಕೋಣೆಗೆ ಮಾವ ಕಾಲಿಟ್ಟದ್ದು ಅದೇ ಮೊದಲು. ತಪಾಸಣೆಗೆ ಬಂದ ಲಾರಿಯನ್ನು ನೋಡುವ ಹಾಗೆ ಯಂತ್ರದ ಸುತ್ತ ಒಂದು ಸುತ್ತು ಹಾಕಿ, "ಇದಕ್ಕೆ ಬ್ರೇಕ್ ಎಲ್ಲಿದೆ?" ಎಂದು ವಿಚಾರಿಸಿದರು. ಹೊರಗೆ ಬೆಂಚು ತುಂಬಿತ್ತು. ಉಸಿರಮ್ಮ ಮಾತಾಡುತ್ತ ನಿಲ್ಲಲಿಲ್ಲ. ತಾವೇ ಮಾವನ ಎಡತೋಳಿನ ಗುಂಡಿ ಬಿಚ್ಚಿ, ತೋಳು ಮಡಚಿ, ಕೈಗಡಿಯಾರ ಕಳಚಿ ಮೇಜಿನ ಮೇಲಿಟ್ಟರು. ಸೀಸದಲ್ಲಿ ಮಾಡಿದ ಪುಟ್ಟ ಅಕ್ಷರಗಳಲ್ಲಿ ಎಡಗೈಯದನ್ನು ಆರಿಸಿ ಹಲಗೆಯ ಮೂಲೆಗೆ ಅಂಟಿಸಿದರು. ಯಾವ ಕೈ ಎಂದು ಚಿತ್ರದಲ್ಲಿ ಹೇಳುವುದು ಆ ಅಕ್ಷರವೇ. ಮಾವ ಅಂಗೈಯನ್ನು ಹಲಗೆಯ ಮೇಲೆ ಹಾಳೆ ಹಾಸಿದ ಹಾಗೆ ಹಾಸಿದರು. ತಿರುಗಿಸಿ ಎಂದರೆ ತಿರುಗಿಸಿದರು, ಓರೆ ಮಾಡಿ ಎಂದರೆ ಓರೆ ಮಾಡಿದರು. ಉಸಿರಮ್ಮ ಗಾಜಿನ ಹಿಂದೆ ಹೋಗಿ ಗುಂಡಿ ಒತ್ತಿದರು. ಯಂತ್ರ ಗುಂಯ್‌ಗುಟ್ಟಿ ಟಕ್ ಎಂದಿತು.

"ಚಿತ್ರ ಚೆನ್ನಾಗಿ ಬಂದಿದೆ. ಅದ್ರಲ್ಲೇನಿದೆ ಅಂತ..."

"ಗೊತ್ತು ಗೊತ್ತು, ಡಾಕ್ಟರು ಹೇಳ್ತಾರೆ" ಎನ್ನುತ್ತ ಮಾವ ಆಗಲೇ ಬಾಗಿಲಲ್ಲಿದ್ದರು.

ಡಾಕ್ಟರು, "ಏನೂ ಇಲ್ಲ, ಗಟ್ಟಿಮುಟ್ಟಾಗಿದೆ" ಎಂದರು. ಗಡಿಯಾರ ತೆಗೆದುಕೊಳ್ಳುವ ನೆಪದಲ್ಲಿ ಮಾವ ವಿಜಯಯಾತ್ರೆಯ ಹಾಗೆ ಎಕ್ಸ್‌ರೇ ಕೋಣೆಗೆ ಮರಳಿದರು. "ಕೇಳ್ದ್ಯಾ? ಗಟ್ಟಿಮುಟ್ಟು ಅಂದ್ರು. ಮನೇಲಿ ನಿನ್ನ ಗಂಡನಿಗೂ ಸ್ವಲ್ಪ ಹೇಳು."

"ಹೇಳೋಣ. ಗಡಿಯಾರ ಕಟ್ಕೊಳ್ಳಿ."

"ಜೇಬಲ್ಲಿರ್ಲಿ ಬಿಡು."

"ತೋಳಿನ ಗುಂಡಿ ಹಾಕ್ಕೊಳ್ಳಿ."

"ಸೆಕೆ."

ಹೊರಗೆ ಬೆಂಚಿನ ಮೇಲಿದ್ದವರೆಲ್ಲ ಸ್ವೆಟರು ಹಾಕಿಕೊಂಡಿದ್ದರು. ಉಸಿರಮ್ಮ ಮಾವನ ಎಡಗೈಯಲ್ಲಿ ಜೋಲಾಡುತ್ತಿದ್ದ ಅಂಗಿಯ ತುದಿಯನ್ನು ನೋಡಿದರು. ಬಿಚ್ಚಿದ್ದು ತಾವು. ಹಾಕಿಕೊಳ್ಳಬೇಕಾದವರು ಅವರು, ಅದೂ ಬಲಗೈಯಿಂದ. ಆಗ ಇನ್ನೊಂದು ಹೊಳೆಯಿತು, ಹೊಳೆದದ್ದೇ ತಮ್ಮ ಮೇಲೆ ತಮಗೇ ಸಿಟ್ಟು ಬಂತು. ಬಿದ್ದು ನೋವಾದ ಕೈಯನ್ನು ಯಾವ ಮನುಷ್ಯನೂ ಆ ತಣ್ಣನೆಯ ಹಲಗೆಯ ಮೇಲೆ ಅಷ್ಟು ಚಪ್ಪಟೆಯಾಗಿ, ಅಷ್ಟು ನಗುನಗುತ್ತ ಇಡುವುದಿಲ್ಲ. ಹೊರಗಿನ ಬೆಂಚನ್ನು ಖಾಲಿ ಮಾಡುವ ಆತುರದಲ್ಲಿ ಆಕೆ ಚೀಟಿ ನೋಡಿದ್ದರು, ಅಕ್ಷರ ನೋಡಿದ್ದರು, ಎಲುಬು ನೋಡಿದ್ದರು, ಮುಖವೊಂದನ್ನು ನೋಡಿರಲಿಲ್ಲ.

ದಪ್ಪ ಬಾಗಿಲನ್ನು ಎಳೆದು ಮುಚ್ಚಿದರು. ಯಾರೂ ಬರದಿರಲೆಂದು ಮೇಲಿನ ಕೆಂಪು ದೀಪ ಹಾಕಿದರು.

"ಬಲಗೈ ಕೊಡಿ ಮಾವ."

"ಯಾಕೆ?"

"ಕೈ ಕುಲುಕೋಣ. ಎಲುಬು ಗಟ್ಟಿ ಅಂದ್ರಲ್ಲ, ಅಭಿನಂದನೆ."

ಮಾವ ಬಲಗೈಯನ್ನು ಸರಕ್ಕನೆ ಪ್ಯಾಂಟಿನ ಜೇಬಿಗೆ ತುರುಕಿದರು. ತುರುಕಿದ್ದೇ ತಪ್ಪಾಯಿತು. "ಹಾ!" ಎಂದು ಕಾಲ ಬೆರಳ ಮೇಲೆ ನಿಂತುಬಿಟ್ಟರು.

"ಯಾವ ಕೈ ಮಾವ?"

"ನೀನು ಫೋಟೊ ತೆಗೆಯೋಳು, ಪೊಲೀಸಲ್ಲ."

"ಯಾವ ಕೈ?"

ಮಾವ ಆ ಕೋಣೆಯಲ್ಲಿದ್ದ ಒಂದೇ ಸ್ಟೂಲಿನ ಮೇಲೆ ಕುಳಿತರು. ಇಸ್ತ್ರಿ ಹಾಗೇ ಇತ್ತು, ಒಳಗಿನ ಇನ್ಸ್‌ಪೆಕ್ಟರು ಸ್ವಲ್ಪ ಮುದುರಿದ್ದರು. "ಬಲಗೈ ಅಂದ್ರೆ ಆಕ್ಸಿಲರೇಟರು ಕಣಮ್ಮಾ" ಎಂದರು ಕೊನೆಗೆ. "ಅದು ಮುರಿದಿದೆ ಅಂತ ಆಗ್ಲಿ, ನಿನ್ನ ಗಂಡ ಅವತ್ತೇ ಕೀ ತೆಗೆದು ಒಳಗಿಡ್ತಾನೆ. ಕೂಸನ್ನ ಶಾಲೆಗೆ ಬಿಡೋದೂ ಹೋಯ್ತು ಅಂದ್ರೆ ನಾನ್ಯಾರು ಹೇಳು? ವರಾಂಡದ ಕುರ್ಚಿ. ಕುರ್ಚಿ ಮೇಲೆ ಕೂತೋನು ಕೂಡ ಅಲ್ಲ, ಕುರ್ಚಿ!"

ಉಸಿರಮ್ಮನಿಗೆ ಅಯ್ಯೋ ಅನ್ನಿಸಿತು. ಆದರೆ ದನಿಯಲ್ಲಿ ಅದನ್ನು ತೋರಿಸಿದ್ದರೆ ಆಕೆ ಉಸಿರಮ್ಮನೇ ಅಲ್ಲ. "ಎಲ್ಲಿ ನೋಯುತ್ತೆ, ಎಡಗೈ ಬೆರಳಲ್ಲಿ ತೋರಿಸಿ" ಅಂದರು. ಮಾವ ಬಲ ಹೆಬ್ಬೆರಳ ಬುಡದ ಕುಳಿಯನ್ನು ತೋರಿಸಿದರು. ಊತ ಅಷ್ಟೇನೂ ಇರಲಿಲ್ಲ.

"ಅಲ್ಲೊಂದು ಪುಟ್ಟ ಎಲುಬಿದೆ. ಅದೇನಾದ್ರೂ ಮುರಿದಿದ್ದು, ಹಾಗೇ ಬಿಟ್ರಿ ಅನ್ನಿ, ಎಷ್ಟೋ ಸಲ ತಾನಾಗಿ ಕೂಡಲ್ಲ. ಆಮೇಲೆ ಆಕ್ಸಿಲರೇಟರ್ ಹಾಗಿರ್ಲಿ, ಪೇಸ್ಟಿನ ಮುಚ್ಚಳ ತಿರುಗಿಸೋಕೂ ನನ್ನನ್ನೇ ಕರೀಬೇಕು."

ಮಾವ ಯೋಚಿಸಿದರು. "ಹಾಗಾದ್ರೆ ಈಗ್ಲೇ ಒಂದು ತೆಗೆದುಬಿಡು. ಹೇಗೂ ಬಾಗಿಲು ಹಾಕಿದೆ. ನಮ್ಮನಮ್ಮಲ್ಲೇ ಇರ್ಲಿ."

"ಚೀಟಿ ಇಲ್ದೆ ಗುಂಡಿ ಒತ್ತಲ್ಲ. ಹೋಗಿ ಡಾಕ್ಟರಿಗೆ ನೀವೇ ಹೇಳಿ."

"ಏನಂತ ಹೇಳ್ಲಿ? ಕೈ ಅದಲುಬದಲಾಯ್ತು ಅಂತಾನಾ? ಮಾನ ಹೋಗುತ್ತೆ!"

"ಎಂಟು ಸರಿಯಾಗಿ ಹಾಕದೇ ಇದ್ದೋರಿಗೆ ನೀವೇನು ಹೇಳ್ತಿದ್ರಿ?"

"ಮತ್ತೆ ಬಾ ಅಂತಿದ್ದೆ."

"ಮತ್ತೆ ಹೋಗಿ."

ಮಾವ ಏಳಲಿಲ್ಲ. "ಕೀ?" ಅಂದರು, ಮಗುವಿನ ಹಾಗೆ.

"ಕೀ ಮೊಳೆ ಮೇಲೇ ಇರುತ್ತೆ, ಯಾರೂ ಮುಟ್ಟಲ್ಲ. ಕೈ ಪೂರ್ತಿ ಗುಣ ಆದ್ಮೇಲೆ ನೀವೇ ಎಂಟು ಹಾಕಿ ತೋರಿಸಿ. ಸ್ಟ್ಯಾಂಡೂ ಹಾಕ್ಬೇಕು. ಪಾಸಾದ್ರೆ ಕೀ ನಿಮ್ದು, ಫೇಲಾದ್ರೆ ನಮ್ದು."

"ನನ್ನನ್ನ ಪರೀಕ್ಷೆ ಮಾಡೋರು ಯಾರಮ್ಮಾ ಈ ಊರಲ್ಲಿ?"

"ನಾನು."

ಮಾವ ಸೊಸೆಯನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ನೋಡಿ, ಎದ್ದು ಡಾಕ್ಟರ ಕೋಣೆಗೆ ಹೋದರು. ಅಲ್ಲಿಂದ ಡಾಕ್ಟರ ದೊಡ್ಡ ನಗು ಕೇಳಿತು. "ಒತ್ತಿದಾಗ ನಕ್ಕಾಗ್ಲೇ ನನಗೆ ಅನುಮಾನ ಇತ್ತು ಯಜಮಾನ್ರೇ. ನಿಮ್ಮ ಸ್ವಭಾವವೇ ನಗುಮುಖ ಅಂದ್ಕೊಂಡೆ" ಎಂದು ಡಾಕ್ಟರು ಬಲಗೈಯನ್ನು ಒತ್ತಿದರು. ನಗುಮುಖ ಅಲ್ಲವೆಂದು ಇಡೀ ಕ್ಲಿನಿಕ್ಕಿಗೆ ಕೇಳಿಸಿತು. ಹೊಸ ಚೀಟಿ ಬಂತು.

ಈ ಸಲ ಮಾವ ಕೈಯನ್ನು ಹಲಗೆಯ ಮೇಲೆ ಕುದಿಯುವ ಪಾತ್ರೆ ಇಳಿಸುವ ಹಾಗೆ, ಒಂದೊಂದು ಬೆರಳಿಗೂ "ಅಯ್ಯೋ" ಎನ್ನುತ್ತ ಇಳಿಸಿದರು.

"ಹ್ಞಾ, ಇದು ನೋವಿರೋ ಕೈ" ಎಂದು ಉಸಿರಮ್ಮ ಬಲಗೈಯ ಅಕ್ಷರ ಅಂಟಿಸಿದರು. ತಮ್ಮ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡು, ಮಾವನ ಮಣಿಕಟ್ಟನ್ನು ಮೆಲ್ಲಗೆ ಕಿರುಬೆರಳಿನ ಕಡೆಗೆ ಓರೆ ಮಾಡಿದರು. ಆ ಪುಟ್ಟ ಎಲುಬು ಹಾಗೆ ಓರೆ ಮಾಡದೆ ಮುಖ ತೋರಿಸುವುದಿಲ್ಲ. "ಉಸಿರು ಹಿಡ್ಕೊಳ್ಳಿ" ಅಂದರು.

"ಕೈಗ್ಯಾಕೆ ಉಸಿರು?"

"ಬಾಯಿ ಮುಚ್ಚಲಿ ಅಂತ."

ಗಾಜಿನ ಹಿಂದೆ ಪರದೆಯ ಮೇಲೆ ಚಿತ್ರ ಮೂಡಿತು. ಪುಟ್ಟ ಎಲುಬಿನ ನಡುವೆ ಕೂದಲೆಳೆಯಂಥ ಒಂದು ಗೆರೆ. ಉಸಿರಮ್ಮನ ಮುಖದಲ್ಲಿ ಗೆರೆ ಮೂಡಲಿಲ್ಲ. ಹೊರಬಂದಾಗ ಮಾವ ಆಕೆಯ ಮುಖವನ್ನು ಓದಲು ಮೂಗು ಮುಂದೆ ಚಾಚಿ ಕುಳಿತಿದ್ದರು.

"ಏನಿದೆ?"

"ಚಿತ್ರ ಚೆನ್ನಾಗಿ ಬಂದಿದೆ. ಅದ್ರಲ್ಲೇನಿದೆ ಅಂತ ಡಾಕ್ಟರು ಹೇಳ್ತಾರೆ."

"ನಾನು ನಿನ್ನ ಮಾವ ಕಣೇ!"

"ಮನೇಲಿ. ಇಲ್ಲಿ ಬೆಂಚಲ್ಲಿ ಕೂತೋರಲ್ಲಿ ಒಬ್ರು. ನಡೀರಿ."

ಮಾವ ಆಚೆ ಹೋದ ಮೇಲೆ ಉಸಿರಮ್ಮ ಗೂಟಕ್ಕೆ ತೂಗುಹಾಕಿದ್ದ ಸೀಸದ ಏಪ್ರನ್ನಿಗೆ ಒರಗಿ, ತಾವೇ ಒಂದು ಸಲ ಉಸಿರು ಎಳೆದು, ಹಿಡಿದು, ಬಿಟ್ಟರು. ಆಮೇಲೆ ಮುಂದಿನವರನ್ನು ಕರೆದರು.

ಕೈಗೆ ಪ್ಲಾಸ್ಟರು ಬಿತ್ತು. ಸಂಜೆ ವಿಷಯ ತಿಳಿದ ಮಗ ಸೀದಾ ಮೊಳೆಯ ಹತ್ತಿರ ಹೋದರು. ಉಸಿರಮ್ಮ ಅಡ್ಡ ನಿಂತು, "ಮುಟ್ಟಬೇಡಿ, ಮಾತು ಕೊಟ್ಟಿದೀನಿ" ಅಂದರು. ಮಾತು ಏನೆಂದು ಪೂರ್ತಿ ಕೇಳಿದ ಮೇಲೆ ಮಗ, "ನೀನು ಪರೀಕ್ಷೆ ಮಾಡೋದಾದ್ರೆ ಸರಿ" ಎಂದು ಕೈ ಹಿಂದೆಗೆದುಕೊಂಡರು. ಆಕೆಯ ಪರೀಕ್ಷೆಗಳು ಹೇಗಿರುತ್ತವೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಪ್ಲಾಸ್ಟರಿನ ಕಾಲದಲ್ಲಿ ಮಾವ ಮೊಮ್ಮಗಳನ್ನು ನಡೆಸಿಕೊಂಡೇ ಶಾಲೆಗೆ ಬಿಟ್ಟರು. ರಸ್ತೆ ದಾಟುವಾಗ ಬಿಳಿಯ ಕೈಯನ್ನು ಎತ್ತಿ ಹಿಡಿದರೆ ಲಾರಿಗಳೂ ನಿಲ್ಲುತ್ತಿದ್ದವು. ಇದು ಅವರಿಗೆ ಬಹಳ ಹಿಡಿಸಿತು. ಪಾರ್ಕಿನ ಗೆಳೆಯರ ನಡುವೆ ಕಥೆಯೂ ಬೆಳೆಯಿತು. ತಾವು ಬೇಕೆಂದೇ ಬೇರೆ ಕೈ ಕೊಟ್ಟು ಇಡೀ ಕ್ಲಿನಿಕ್ಕನ್ನು ಪರೀಕ್ಷೆ ಮಾಡಿದ್ದಾಗಿಯೂ, ಸೊಸೆ ಎರಡನೇ ಸಲಕ್ಕೆ ಪಾಸಾದದ್ದಾಗಿಯೂ ಅವರು ಹೇಳುತ್ತಿದ್ದರು. ಈ ಸುದ್ದಿ ಉಸಿರಮ್ಮನ ಕಿವಿಗೂ ಬಿತ್ತು. ಮೊದಲನೇ ಸಲ ತಪ್ಪಿದ್ದು ನಿಜವೇ. ಅಂದಿನಿಂದ ಆಕೆಯ ಕೋಣೆಯಲ್ಲಿ ಒಂದು ಹೊಸ ಕಟ್ಟಳೆ ಸೇರಿದೆ. ಚೀಟಿ ಏನೇ ಹೇಳಲಿ, ರೋಗಿಯ ಅಂಗಿಯ ಗುಂಡಿಯನ್ನು ಈಗ ಆಕೆ ಬಿಚ್ಚುವುದಿಲ್ಲ. ಅವರೇ ಬಿಚ್ಚಬೇಕು, ಆಕೆ ನಿಂತು ನೋಡುತ್ತಾರೆ.

ಪ್ಲಾಸ್ಟರು ಬಿಚ್ಚಿ, ಕೊನೆಯ ಚಿತ್ರ ತೆಗೆದು, ಎಲುಬು ಚೆನ್ನಾಗಿ ಕೂಡಿದೆ ಎಂದು ಡಾಕ್ಟರು ಹೇಳಿದರು. ಕೈಗೆ ಬಲ ಮರಳುವವರೆಗೂ ಉಸಿರಮ್ಮ ಕಾಯಿಸಿದರು. ಆಮೇಲೆ ಒಂದು ರಜಾದಿನ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ತಾವೇ ಸುಣ್ಣದ ಪುಡಿಯಿಂದ ಎಂಟು ಬರೆದು ಕಾದು ನಿಂತರು. ಪಾರ್ಕಿನ ಗೆಳೆಯರೆಲ್ಲ ಬಂದಿದ್ದರು. ಅವರಲ್ಲಿ ಇಬ್ಬರು ಹಿಂದೊಮ್ಮೆ ಮಾವನಿಂದಲೇ ಫೇಲಾದವರು, ಅವರಂತೂ ಮುಂದಿನ ಸಾಲಿನಲ್ಲೇ ನಿಂತಿದ್ದರು.

ಮಾವ ಎಂಟು ಹಾಕಿದರು. ಮೊದಲ ತಿರುವಿನಲ್ಲಿ ಸ್ಕೂಟರು ಗೇಟಿಲ್ಲದ ಕಡೆಯೂ ಗೇಟು ಹುಡುಕುವಂತೆ ವಾಲಿತು. ಮಗ ಕಣ್ಣು ಮುಚ್ಚಿಕೊಂಡರು. ಬಲಗೈ ಮೆಲ್ಲಗೆ ತಿರುಗಿತು, ಗಾಡಿ ಗೆರೆಗೆ ಮರಳಿತು, ಎರಡನೇ ಸುತ್ತು ನೀಟಾಗಿ ಮುಗಿಯಿತು. ಕಾಲು ನೆಲ ಮುಟ್ಟಲಿಲ್ಲ.

"ಸ್ಟ್ಯಾಂಡ್" ಅಂದರು ಉಸಿರಮ್ಮ.

ಮಾವ ಇಳಿದರು, ಕಾಲನ್ನು ಸರಿಯಾಗಿ ಊರಿದರು, ಆತುರಪಡಲಿಲ್ಲ, ಸ್ಟ್ಯಾಂಡ್ ಹಾಕಿದರು. ಸ್ಕೂಟರು ನಿಂತಿತು, ಮಾವನೂ ನಿಂತರು.

ಉಸಿರಮ್ಮ ಸ್ಕೂಟರಿನಿಂದ ಕೀ ಕಳಚಿ ಮಾವನ ಬಲಗೈಯಲ್ಲೇ ಇಟ್ಟರು. ಗೆಳೆಯರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲಿ ಒಳಗಿದ್ದ ಇನ್ಸ್‌ಪೆಕ್ಟರು ಮತ್ತೆ ಪೂರ್ತಿ ಎತ್ತರಕ್ಕೆ ಎದ್ದು ನಿಂತುಬಿಟ್ಟರು. ಮಾವ ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ, ಅಂಗಿಯ ತೋಳು ಹಿಂದೆ ಸರಿಸಿ, ಮೈದಾನದ ಆ ತುದಿಗೂ ಕೇಳುವ ಹಾಗೆ ಕೇಳಿದರು:

"ಎಲ್ಲರ ಎದುರಿಗೂ ಹೇಳಮ್ಮಾ. ನಿನ್ನ ಇಷ್ಟು ವರ್ಷದ ಸರ್ವೀಸಲ್ಲಿ ಇಂಥಾ ಗಟ್ಟಿ ಎಲುಬು ಇನ್ನೊಂದು ಕಂಡಿದ್ದೀಯಾ?"

"ಕಂಡಿದೀನಿ ಮಾವ" ಅಂದರು ಉಸಿರಮ್ಮ. "ನಿಮ್ಮ ಎಡಗೈಲಿ."